ಬಲಗಣ್ಣಿಗೆ ಕಾಣುವಷ್ಟು

ರೀ,

ಕಣ್ಣಿನ ಪೊರಿ ತೆಗಿಸ್ಕೊಳ್ಳಾಕ ಬಾಜೂಮನಿ ಬಾನುಬೀ ಜೋಡಿ ಗಂಗಾವತಿಗೆ ಹೊಂಟೇನಿ. ಕರಿ ಚಷ್ಮಾನೂ ಆಕೀನ ಕೊಟ್ಟಾಳ. ನೀವು ಬರಬ್ಯಾಡ್ರಿ. ಸೂಜಿ ನೋಡಿ ನೀವ ಬಿದ್ರ ಡಾಕ್ಟರು ಯಾರನ್ನ ನೋಡಬೇಕು?

ರೊಟ್ಟಿ ಬುಟ್ಟ್ಯಾಗ ಅದಾವ, ಹೊತ್ತಿಗೆ ಸರಿಯಾಗಿ ಉಣ್ರಿ.

ನನ್ನ ಕಣ್ಣು ಮಬ್ಬಾದಾಗಿಂದ ಅಡಿಗಿಮನಿ ಕೆಲಸ ನೀವ ಮಾಡೀರಿ. "ಕನ್ನಡಿ ಹಂಗ ತೊಳದೇನಿ" ಅಂದಾಗೆಲ್ಲ ನಾನೂ ಹೂಂ ಅಂದೇನಿ. ಆದ್ರ ನಿನ್ನೆ ನೀವು ಹಸನು ಮಾಡಿದ ಅಕ್ಕ್ಯಾಗಿನ ಹಳ್ಳು ನನ್ನ ಹಲ್ಲಿಗೆ ಸಿಕ್ತು. ನಾಳೆ ಸಂಜಿಗೆ ಪಟ್ಟಿ ಬಿಚ್ಚಿಸ್ಕೊಂಡು ಬಂದಮ್ಯಾಲೆ ನನಗ ಎಲ್ಲಾ ಕಾಣತೈತಿ, ನೆನಪಿರ್ಲಿ.

ಗಾಬರಿ ಆಗಬ್ಯಾಡ್ರಿ. ಈ ಸಲ ಬಲಗಣ್ಣು ಅಷ್ಟ. ಬಲಕ್ಕಿನ ಗ್ವಾಡಿ, ಬಲಕ್ಕಿನ ಕಪಾಟು ತಿಕ್ಕಿಡ್ರಿ. ಎಡಕ್ಕಿಂದು ಮುಂದಿನ ತಿಂಗಳ ಮಾಡಿದ್ರ ನಡೀತೈತಿ.