ರೇಷ್ಮಾಳ ಮರಿಗಳು

ಕಲಬುರ್ಗಿ
೬ ಮಾರ್ಚ್ ೧೯೫೨

ಮುನೀರಾ ಅಕ್ಕನಿಗೆ, ಕೋಟೆಯ ಹಿಂದಿನ ಓಣಿಯಿಂದ ನೀಲಗಂಗಮ್ಮ ಮಾಡುವ ನಮಸ್ಕಾರಗಳು.

ನೀವು ಕಮಲಾಪುರ ಬಿಟ್ಟದ್ದು ನನಗೆ ತಿಳಿದಿರಲಿಲ್ಲ. ದೀಪಾವಳಿ ಕಳೆದ ಮೇಲೆ ನಿಮ್ಮ ಮನೆಗೆ ಬಂದು, ಬಾಗಿಲಿಗೆ ಬೀಗ ನೋಡಿ ನಿಂತಿದ್ದೆ. ಜಹಗೀರು ಹೋದ ಮೇಲೆ ಜಹಗೀರದಾರರ ಬೇಟೆನಾಯಿಗಳೂ ಹೋದವು, ಅವನ್ನು ಸಾಕುತ್ತಿದ್ದ ನಿಮ್ಮ ಯಜಮಾನರು ಮಕ್ಬೂಲ್ ಅಣ್ಣನವರಿಗೆ ಕೆಲಸವಿಲ್ಲದೆ ನೀವಿಬ್ಬರೂ ಹೈದರಾಬಾದಿಗೆ, ನಿಮ್ಮ ತಂಗಿಯ ಮನೆಗೆ ಹೋದಿರಿ ಎಂದು ಪಕ್ಕದ ಮನೆಯ ಸಾಬಮ್ಮ ಹೇಳಿದಳು. ವಿಳಾಸ ಕೊಟ್ಟದ್ದೂ ಅವಳೇ.

ನಾನು ಬಂದದ್ದು ರೇಷ್ಮಾಳ ಸಲುವಾಗಿ. ಪೊಲೀಸ್ ಕಾರ್ಯಾಚರಣೆಯ ಮರುವರ್ಷ ನಿಮ್ಮಿಂದ ತಂದ ಆ ಕಾರವಾನಿ ಜಾತಿಯ ಬೇಟೆನಾಯಿ ಮರಿ ಈಗ ನನ್ನ ಸೊಂಟದೆತ್ತರ ಬೆಳೆದಿದ್ದಾಳೆ. ಹೋದ ವರ್ಷ ಮೂರು ಮರಿ ಹಾಕಿದಳು. ಮರಿಗಳು ಇನ್ನೂ ಹಾಲು ಕುಡಿಯುತ್ತಿದ್ದಾಗಲೇ ಒಂದು ಮುಂಜಾನೆ ಅಂಗಳದಲ್ಲಿ ಓಡುತ್ತಿದ್ದವಳು ದೊಪ್ಪನೆ ಬಿದ್ದಳು. ಕಾಲು ಬಡಿದಳು, ಬಾಯಲ್ಲಿ ನೊರೆ ಬಂತು. ಎದ್ದ ಮೇಲೆ ನನ್ನ ಗುರುತೇ ಹತ್ತಲಿಲ್ಲ ಅವಳಿಗೆ. ಆಮೇಲೆ ಹಾಗೇ ಮತ್ತೆ ಮತ್ತೆ ಬಿದ್ದಳು. ದನದ ದವಾಖಾನೆಯ ಡಾಕ್ಟರು, "ಇದು ಹುಟ್ಟಿನ ಬ್ಯಾನಿ ಇದ್ದೀತು. ಮರಿ ಕೊಟ್ಟವರನ್ನ ಕೇಳ್ರಿ" ಅಂದರು.

ನೀವಿಲ್ಲದ್ದಕ್ಕೆ ಸಾಬಮ್ಮನನ್ನೇ ಕೇಳಿದೆ. "ಅದರ ತಮ್ಮ ನಮ್ಮ ಓಣ್ಯಾಗೇ ಇತ್ತಬೇ. ಹಿಂಗೇ ಬಿದ್ದು ಬಿದ್ದು ಸತ್ತಿತು" ಅಂದಳು.

ಅಕ್ಕಾ, ನಿಮ್ಮನ್ನು ದೂರುತ್ತಿಲ್ಲ. ತಾಯಿನಾಯಿಯನ್ನು ನನ್ನ ಮುಂದೆ ತಂದು ನಿಲ್ಲಿಸಿದಿರಿ. ಹಾಲು ಬಿಡುವವರೆಗೆ ಮರಿ ಕೊಡಲಿಲ್ಲ. ಓಡಲು ಜಾಗವಿದೆಯೇ, ಮನೆಯಲ್ಲಿ ಯಾರು ನೋಡುತ್ತಾರೆ ಎಂದು ನಾನು ಕೇಳಿದ್ದಕ್ಕಿಂತ ಹೆಚ್ಚು ನೀವೇ ನನ್ನನ್ನು ಕೇಳಿದಿರಿ. ತಂದೆನಾಯಿ ಎಲ್ಲಿ ಅಂದಾಗ ಮಾತ್ರ "ಸತ್ತು ಹೋತ್ರಿ" ಎಂದು ಒಳಗೆ ಹೋದಿರಿ. ಹೇಗೆ ಸತ್ತಿತು ಎಂದು ನಾನೂ ಕೇಳಲಿಲ್ಲ. ಜೀವವಿರುವುದಕ್ಕೆ ರೋಗವೇ ಬಾರದು ಎಂದು ಯಾರೂ ಮಾತು ಕೊಡಲಾರರು, ಕೊಳ್ಳುವವರು ಅದನ್ನು ಕೇಳಲೂಬಾರದು. ಆದರೆ ಗೊತ್ತಿದ್ದದ್ದನ್ನು ಹೇಳಬೇಕಲ್ಲವೇ? ನಿಮಗೆ ಗೊತ್ತಿತ್ತೇ?

ಇದನ್ನು ಕೇಳುವ ಬಾಯಿ ನನಗೂ ಈಗ ಉಳಿದಿಲ್ಲ. ಕಮಲಾಪುರದಿಂದ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಆಗಲೇ ಮೂರೂ ಮರಿಗಳನ್ನು ಕಚೇರಿಯವರಿಗೆ ಕೊಡಲು ಒಪ್ಪಿಕೊಂಡಿದ್ದರು. "ಅಸಲಿ ಕಾರವಾನಿ ಅಂತ ಹೇಳೀನಿ. ಈಗ ಬ್ಯಾನಿ ಅದ ಅಂದ್ರ ನನ್ನ ಮಾತಿಗಿ ಏನ್ ಇಜ್ಜತ್ ಉಳೀತದ? ನೀ ಸುಮ್ನಿರು" ಎಂದರು.

ಇವರ ಕಚೇರಿಯ ಗುಮಾಸ್ತರ ಹೆಂಡತಿ ಲಲಿತಾಬಾಯಿ ಮರಿ ಒಯ್ಯಲು ಮಗಳನ್ನು ಕರೆದುಕೊಂಡು ಬಂದರು. "ತಾಯಿಗಿ ಏನರ ಬ್ಯಾನಿ ಅದ ಏನ್ರಿ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು "ಎಂಥಾದೂ ಇಲ್ರಿ" ಎಂದರು. ನಾನು ಚಹಾ ಮಾಡಲು ಒಳಗೆ ಹೋದೆ.

ಆಮೇಲೆ ಇವರು ಕಚೇರಿಗೆ ಹೋದ ಹೊತ್ತು ನೋಡಿ ಲಲಿತಾಬಾಯಿಯ ಮನೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ಮರಿ ವಾಪಸು ಕೊಡಿ ಎಂದು ಬೇಡಿಕೊಂಡೆ. ಅದು ಹುಡುಗಿಯ ಲಂಗದ ಮೇಲೆ ಮಲಗಿತ್ತು. ಲಲಿತಾಬಾಯಿ "ಈಗ ಬಂದು ಹೇಳ್ತೀರೇನ್ರಿ? ಈಕಿ ಅದನ್ನ ಬಿಟ್ಟು ಉಣ್ಣಂಗಿಲ್ಲ" ಎಂದರು. ಹುಡುಗಿ ಮರಿಯನ್ನು ಅವಚಿಕೊಂಡು ಗೋಡೆಗೆ ಸರಿದಳು. ಬರಿಗೈಯಲ್ಲಿ ಬಂದೆ. ಉಳಿದೆರಡು ಯಾರ ಮನೆಗೆ ಹೋದವು ಎಂದು ಇವರು ಹೇಳುವುದೇ ಇಲ್ಲ.

ನಾಯಿಗಳಿಗೆ ಹೀಗೆ ಮೂರ್ಛೆ ಬಂದಾಗ ಮಕ್ಬೂಲ್ ಅಣ್ಣನವರು ಏನು ಮಾಡುತ್ತಿದ್ದರು? ಬರೆದು ತಿಳಿಸಿ. ಲಲಿತಾಬಾಯಿಗೆ ಅಷ್ಟನ್ನಾದರೂ ಹೇಳುತ್ತೇನೆ. ಅಲ್ಲಿ ನಿಮಗೆ ಒಲೆ ಹೊತ್ತುತ್ತಿದೆ ತಾನೆ?

ನಿಮ್ಮ ತಂಗಿಯಂಥವಳು,
ನೀಲಗಂಗಮ್ಮ

ತಾ.ಕ.: ರೇಷ್ಮಾ ಮತ್ತೆ ಬೆದೆಗೆ ಬಂದಿದ್ದಾಳೆ. ಇವರು ಗಂಡುನಾಯಿ ತರಲು ಆಳಂದಕ್ಕೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ. ಅವಳನ್ನು ಕಾಳಿನ ಕೋಣೆಯೊಳಗೆ ಬಿಟ್ಟು ಬೀಗ ಹಾಕಿದ್ದೇನೆ. ಬಾಗಿಲು ಕೆರೆಯುತ್ತಿದ್ದಾಳೆ. ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿದೆ. ಇವರು ಕೈ ಚಾಚಿದರೆ ಕೊಡದೆ ನಿಲ್ಲುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ.