ಕ್ಯಾಥೋಡಿನ ಮೇಲಿನ ಕಲೆ

ಬಂಗಾರಪೇಟೆ
14 ಜುಲೈ 2024, ಭಾನುವಾರ

ಪ್ರೀತಿಯ ಸೆಲ್ವಿ ಅಕ್ಕನಿಗೆ,

ನಿನ್ನ ತ್ರಿವೇಣಿಯ ನಮಸ್ಕಾರ. ನಿನ್ನನ್ನು ಕೆಲಸದಿಂದ ತೆಗೆದು ಮೂರು ತಿಂಗಳಾಯಿತು. ಒಂದು ಸಲವೂ ನಂದಿದುರ್ಗ ಗಣಿ ಕಾಲೋನಿಯ ನಿಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಬೈಯಿ, ಬೈಸಿಕೊಳ್ಳುತ್ತೇನೆ. ಫೋನ್ ಮಾಡಿದರೆ ನೀನು ನನ್ನ ಮಾತು ಮುಗಿಸಲು ಬಿಡುವವಳಲ್ಲ, ಅದಕ್ಕೇ ಈ ಕಾಗದ.

ನಮ್ಮ ಯಜಮಾನರು ಆಪರೇಷನ್ ಆದಮೇಲೆ ಗಟ್ಟಿಯಾಗಿದ್ದಾರೆ, ಮತ್ತೆ ಡೇರಿಗೆ ಹಾಲು ಹಾಕುತ್ತಿದ್ದಾರೆ. ಕೆಲಸಕ್ಕೆ ಹೋಗುವ ರೈಲಿನಲ್ಲಿ ನಿನ್ನ ಕಿಟಕಿ ಪಕ್ಕದ ಜಾಗದಲ್ಲಿ ಯಾರ್ಯಾರೋ ಕೂರುತ್ತಾರೆ. ನೋಡಿದರೆ ಮೈ ಉರಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಫ್ಯಾಕ್ಟರಿಯಲ್ಲಿ ನಮ್ಮ ವಿಭಾಗದ ಸುಕನ್ಯ ಮೇಡಂ, ಸಂಕೇತ ಬಲಪಡಿಸುವ ನಮ್ಮ ಟ್ಯೂಬುಗಳ ಬಗ್ಗೆ ಹೊಸ ಹುಡುಗಿಯರಿಗೆ ಪಾಠ ಮಾಡುತ್ತಿದ್ದರು. "ವಿಮಾನದ ಟ್ಯೂಬ್ ಕೆಟ್ರೆ ಇಳಿಸಿ ಬದಲಾಯಿಸಬಹುದು. ಉಪಗ್ರಹದ್ದು ಕೆಟ್ರೆ ಯಾರು ಹೋಗ್ತಾರೆ? ಹದಿನೈದು ವರ್ಷ ಸಂಕೇತ ಕಳಿಸ್ತಾನೇ ಇರಬೇಕು" ಅಂದರು. ಪರೀಕ್ಷೆಯಲ್ಲೇ ಸತ್ತು ನಿನ್ನ ಕೆಲಸ ಕಳೆದ ಆ ಟ್ಯೂಬನ್ನು ಕೊಯ್ದು ಇಟ್ಟಿದ್ದಾರಲ್ಲ, ಅದರೊಳಗೆ ಎಲೆಕ್ಟ್ರಾನ್ ಹೊಮ್ಮಿಸುವ ಪುಟ್ಟ ಬಿಲ್ಲೆ, ಆ ಕ್ಯಾಥೋಡನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, "ನೋಡಿ, ಕೈಗವಸಿಗೆ ಅಂಟಿದ್ದ ಜಿಡ್ಡು. ಸೆಲ್ವಿ ತರ ಮಾಡಬೇಡಿ" ಅಂದುಬಿಟ್ಟರು. ಹನ್ನೊಂದು ವರ್ಷ ಒಂದು ಕೂದಲೂ ಬೀಳದ ಹಾಗೆ ಕೆಲಸ ಮಾಡಿದವಳ ಹೆಸರು ಈಗ ತಪ್ಪಿಗೆ ಉದಾಹರಣೆ! ಆಗ ನನಗೆ ಹೊಳೆಯಿತು.

ನಮ್ಮವರ ಆಪರೇಷನ್ ದಿನ ನೆನಪಿದೆಯಾ? ಶುಕ್ರವಾರ. ಬೆಳಿಗ್ಗೆ ತಾಳಿಗೆ ಹೊಸ ಅರಿಶಿನದ ದಾರ ಕಟ್ಟಿಕೊಂಡು ಬಂದಿದ್ದೆ. ನಾನು ಗಡಿಯಾರವನ್ನೇ ನೋಡುತ್ತಿದ್ದುದನ್ನು ಕಂಡು ನೀನು, "ನಾನೇ ಆಸ್ಪತ್ರೆಗೆ ಫೋನ್ ಮಾಡ್ಕೊಂಡ್ ಬತ್ತೀನಿ ಕಣೇ, ಅಲ್ಲಿಗಂಟ ನನ್ ಜಾಗ ನೋಡ್ಕೋ" ಅಂತ ಹೊರಗೆ ಓಡಿದೆ. ನಾನು ನಿನ್ನ ಮೇಜಿನಲ್ಲಿ ಕೂತೆ. ಭಯ ತಡೆಯಲಾಗದೆ ಕೋಟಿನ ಜಿಪ್ ಇಳಿಸಿ, ಕೈಗವಸು ಹಾಕಿದ ಕೈಯಲ್ಲೇ ತಾಳಿ ಹಿಡಿದು ಕಣ್ಣಿಗೊತ್ತಿಕೊಂಡೆ. ಅದೇ ಕೈಯಲ್ಲಿ ಕ್ಯಾಥೋಡ್ ಕೂರಿಸಿದೆ. ನೀನು ಕೂರಿಸಿದ್ದವುಗಳ ಜೊತೆ ಅದೂ ಸೇರಿಹೋಯಿತು; ರಿಜಿಸ್ಟರಿನಲ್ಲಿ ಎಲ್ಲಕ್ಕೂ ನಿನ್ನ ಹೆಸರು.

ವಿಚಾರಣೆಯಲ್ಲಿ ನೀನು ಹೊರಗೆ ಹೋಗಿದ್ದನ್ನು ಹೇಳಲಿಲ್ಲ. "ನನ್ ಮೇಜು, ನನ್ ಜವಾಬ್ದಾರಿ" ಅಂದೆ.

ನಾಳೆ ಸೋಮವಾರ, ಮೊದಲ ರೈಲಿಗೇ ಹೋಗುತ್ತೇನೆ. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿಟ್ಟಿದ್ದೇನೆ. ಮೇಡಂ ಕೈಗೆ ಕೊಟ್ಟು, ಆ ಹುಡುಗಿಯರ ಎದುರಿಗೇ ನಿಂತು ಬಾಯಿಬಿಟ್ಟು ಹೇಳುತ್ತೇನೆ. ನಮ್ಮವರಿಗೂ ತಿಳಿಸಿದೆ. "ಕೆಲ್ಸ ಓದ್ರೆ ಓಗ್ಲಿ ಬಿಡು. ಆಯಮ್ಮನ್ ಹೆಸರು ಮೊದ್ಲು ನೆಟ್ಟಗಾಗ್ಲಿ" ಅಂದರು. ನೀನು ಅಡ್ಡ ಬರಬೇಡ ಅಕ್ಕ, ಈ ಸಲ ನಿನ್ನ ಮಾತು ಕೇಳುವುದಿಲ್ಲ.

ನಿನ್ನ ಮಗಳು ನವ್ಯಳಿಗೆ ನನ್ನ ಆಶೀರ್ವಾದ. ಅವಳಿಗೆ ನಿನ್ನಂಥ ಕೈಯೂ ನಿನ್ನಂಥ ಮನಸ್ಸೂ ಬರಲಿ.

ನಿನ್ನ
ತ್ರಿವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೊನ್ನೆ ಹೊಳೆಯಿತು ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಆ ಶುಕ್ರವಾರವೇ ಕೈಗವಸು ಬಿಚ್ಚಿ ಎಸೆಯುವಾಗ ಬೆರಳ ತುದಿ ಹಳದಿಯಾಗಿದ್ದುದನ್ನು ನೋಡಿದ್ದೆ. ನಿನ್ನನ್ನು ತೆಗೆದ ದಿನ ರೈಲಿನಲ್ಲಿ ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು, "ನಾನ್ ಏನ್ ತಪ್ ಮಾಡ್ದೆ ಅಂತ ನಂಗೇ ಗೊತ್ತಾಗ್ತಿಲ್ಲ ಕಣೇ" ಅಂತ ಅತ್ತೆಯಲ್ಲ, ಆಗಲೂ ನನಗೆ ಗೊತ್ತಿತ್ತು.