ಫೋನಿನಲ್ಲಿ ಉಳಿದ ಓಣಿ

ಶಾಲೆಯ ಎರಡನೇ ಕೊಠಡಿ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹಡಗಿನಲ್ಲಿ ಆರಾಮಾಗಿದ್ದೀಯಾ? ಬೆನ್ನುನೋವು ಹೇಗಿದೆ? ಮೊದಲು ಇದನ್ನೇ ಕೇಳು ಅಂದಳು ಅಮ್ಮ, ಕೇಳಿದ್ದೇನೆ. ಅವಳು ಆವತ್ತು ದೊಡ್ಡಮ್ಮನ ಮನೆಗೆ ಹೋಗಿದ್ದರಿಂದ ಬಚಾವಾದಳು. ನಾನು ನೀರಿನ ಆಫೀಸಿನ ಕೆಲಸದ ಮೇಲೆ ಹೊರಗಿದ್ದೆ. ಮನೆಯಲ್ಲಿದ್ದದ್ದು ಅಪ್ಪ ಒಬ್ಬರೇ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಗಣಿಯವರು ಓಣಿಯ ಹಿಂದೆ ಸುರಿದಿದ್ದ ಮಣ್ಣಿನ ಗುಡ್ಡ ಸೋಮವಾರ ಬೆಳಗಿನ ಜಾವ ಜರಿದು ಬಿತ್ತು. ನಮ್ಮ ಓಣಿ ಪೂರ್ತಿ ಅದರಡಿ ಹೋಗಿದೆ. ಅಪ್ಪ ಇನ್ನೂ ಸಿಕ್ಕಿಲ್ಲ. ಟವರೂ ಉರುಳಿದೆ, ಅದಕ್ಕೇ ಈ ಕಾಗದ. ಔಷಧಿ ತಂದ ಲಾರಿಯವನ ಕೈಯಲ್ಲಿ ಕೊಡುತ್ತೇನೆ.

ಅಲ್ಲಿ ನಿಂತರೆ ಯಾವುದು ಯಾರ ಮನೆ ಅಂತ ಗೊತ್ತಾಗುವುದಿಲ್ಲ ಕಣೋ. ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತಿದ್ದವರು ಕೆಸರಿನ ಮೇಲೆ ದಿಕ್ಕು ತೋಚದೆ ನಿಂತಿದ್ದರು. ಆಗ ನನಗೆ ಫೋನು ನೆನಪಾಯಿತು. ಪೈಪುಗಳ ಜಾಗ ಗುರುತಿಸಲು ಓಣಿಯ ಉಪಗ್ರಹ ಚಿತ್ರವನ್ನು ಆ್ಯಪ್‌ನಲ್ಲಿ ಇಳಿಸಿಟ್ಟುಕೊಂಡಿದ್ದೆನಲ್ಲ, ಬಿದ್ದ ಕಿವಿಯೋಲೆ ಹುಡುಕುವವಳ ಹಾಗೆ ನಡೀತೀಯ ಅಂತ ನೀನು ಗೇಲಿ ಮಾಡುತ್ತಿದ್ದೆ, ಅದೇ ಆ್ಯಪ್. ನೆಟ್‌ವರ್ಕ್ ಇಲ್ಲದಿದ್ದರೂ ಚಿತ್ರ ತೆರೆಯುತ್ತದೆ, ನಾವು ನಿಂತ ಕಡೆ ನೀಲಿ ಚುಕ್ಕೆ ಕಾಣುತ್ತದೆ. ಚುಕ್ಕೆ ಯಾರ ಸೂರಿನ ಮೇಲೆ ಬಂತೋ ಅಲ್ಲಿ ಒಂದು ಕೋಲು ನೆಡುವುದು, ಜೆಸಿಬಿಯವನು ಅಲ್ಲಿ ಅಗೆಯುವುದು. ಟೈಲರ್ ಮಾವ ಹಾಗೇ ಸಿಕ್ಕಿದರು, ಜೀವಂತವಾಗಿ. ಎದುರುಮನೆ ಬಾಣಂತಿಯೂ ಸಿಕ್ಕಿದಳು, ಕೂಸು ಉಳಿಯಲಿಲ್ಲ. ಈಗ ಎಲ್ಲರಿಗೂ ನಾನೇ ಬೇಕು. "ನಮ್ಮ ಮನೆ ಒಂಚೂರು ತೋರಿಸಮ್ಮಾ" ಅಂತ ಬರುತ್ತಾರೆ. ತೋರಿಸಿ ತೋರಿಸಿ ಫೋನನ್ನೇ ಎಸೆದುಬಿಡೋಣ ಅನ್ನಿಸುತ್ತದೆ.

ಮಂಗಳವಾರ ನಮ್ಮ ಮನೆಯನ್ನೂ ಅಗೆದರು. ಅಡುಗೆಮನೆ ಸಿಕ್ಕಿತು, ನಡುಮನೆ ಸಿಕ್ಕಿತು. ಬಾಗಿಲಲ್ಲಿ ಅಪ್ಪನ ಚಪ್ಪಲಿ ಇತ್ತು, ಅಪ್ಪ ಇರಲಿಲ್ಲ. "ಇನ್ನೇನಾದ್ರೂ ಉಳಿದಿದೆಯಾ ತಾಯಿ?" ಅಂತ ಜೆಸಿಬಿಯವನು ಕೇಳಿದ. ಚಿತ್ರ ದೊಡ್ಡದು ಮಾಡಿ ನೋಡಿದೆ. ಗೋಡೆಯಾಚೆ ಬರೀ ನೆಲ. ಇಲ್ಲ ಅಂದೆ, ಅವನು ಬೇರೆ ಕಡೆ ಹೋದ. ಬರಿಗಾಲಲ್ಲೇ ಓಡಿರುತ್ತಾರೆ, ಯಾವುದೋ ಆಸ್ಪತ್ರೆಯಲ್ಲಿರುತ್ತಾರೆ ಅನ್ನುತ್ತಾಳೆ ಅಮ್ಮ. ನನಗೂ ಹಾಗೇ ನಂಬಬೇಕು ಅನ್ನಿಸುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನ ತಲೆ ಸವರಿದ್ದಾಳೆ ಅಂದುಕೋ.

ನಿನ್ನ ತಂಗಿ,
ಕುಳ್ಳಿ

ಲಾರಿ ಹೊರಡುತ್ತಿದೆ, ಅವಸರದಲ್ಲಿ ಗೀಚುತ್ತಿದ್ದೇನೆ. ಅಪ್ಪ ಸಿಕ್ಕಿದರು. ಪಕ್ಕದ ಮನೆಯ ಕಡೆಯಿಂದ ಅಗೆಯುವಾಗ ಒಂದು ಗೋಡೆ ಅಡ್ಡ ಬಂತಂತೆ. ನಿನ್ನ ಮದುವೆಗೆಂದು ಹೋದ ವರ್ಷ ಹಿತ್ತಲಲ್ಲಿ ಕಟ್ಟಿಸಿದ ಕೋಣೆ ಅದು. ಫೋನಿನ ಚಿತ್ರ ಅದಕ್ಕಿಂತ ಹಳೆಯದು, ಅದರಲ್ಲಿ ಆ ಕೋಣೆ ಇಲ್ಲ. ಹಸಿ ಗೋಡೆಗೆ ದಿನಾ ನೀರು ಹೊಡೆದವಳು ನಾನೇ, ಆದರೂ ಆ ಚಿತ್ರ ನೋಡುತ್ತಾ ನೋಡುತ್ತಾ ಕೋಣೆಯೇ ಮರೆತುಹೋಯಿತು. ಅದರ ಸೂರು ಕುಸಿದಿರಲಿಲ್ಲ ಅಣ್ಣಾ. ನಿನ್ನೆಯವರೆಗೂ ಉಸಿರಿತ್ತು ಅನ್ನುತ್ತಾರೆ ಡಾಕ್ಟರು. ಅಮ್ಮನಿಗೆ ಹೇಳಿಲ್ಲ, ನನ್ನ ಕೈಲಿ ಆಗುವುದಿಲ್ಲ. ನೀನು ಬಾ.